‘ಫ್ಲೀಸ್’ ನನ್ನ ನಾಲಿಗೆಗೆ ಹತ್ತಿದ್ದು

ಇಂಗ್ಲಿಷ್ ಸುದ್ದಿಯೊಂದನ್ನು ಓದುತ್ತಿದ್ದೆ. ಸುಳ್ಳು ಹೂಡಿಕೆಯ ಆಸೆ ತೋರಿಸಿ ವಯಸ್ಸಾದವರ ಉಳಿತಾಯವನ್ನು ಯಾರೋ ಲಪಟಾಯಿಸಿದ್ದರು. ಅಲ್ಲಿ ‘ಫ್ಲೀಸ್ಡ್’ ಅಂತ ಒಂದು ಪದ. ನಿಘಂಟು ತೆಗೆದೆ. ಮೊದಲ ಅರ್ಥ, ಕುರಿಯ ಮೈಮೇಲಿನ ಉಣ್ಣೆ. ಮೋಸಕ್ಕೂ ಉಣ್ಣೆಗೂ ಏನು ನಂಟು?

ಸ್ವಲ್ಪ ಕೆಳಗೆ ಕ್ರಿಯಾಪದ ಇತ್ತು. ಉಣ್ಣೆ ಕತ್ತರಿಸುವುದು. ಅದರಿಂದಲೇ, ಮೋಸ ಮಾಡಿ ದುಡ್ಡು ಕೀಳುವುದು. ಥಟ್ಟನೆ ಹೊಳೆಯಿತು. ನಾವು ‘ನುಣ್ಣಗೆ ತಲೆ ಬೋಳಿಸಿದ’ ಅನ್ನುತ್ತೇವಲ್ಲ, ಅದೇ ಇದು! ಬಾಯಿಪಾಠ ಮಾಡುವ ಕೆಲಸವೇ ಉಳಿಯಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಅವತ್ತೇ ನೋಟ್‌ಬುಕ್‌ನಲ್ಲಿ ವಾಕ್ಯ ಬರೆಯಲು ಕೂತೆ.

ಅಲ್ಲೇ ಎಡವಿದ್ದು. ‘ದೇ ಫ್ಲೀಸ್ಡ್ ಮನಿ ಫ್ರಮ್ ಹಿಮ್’ ಅಂತ ಬರೆದಿದ್ದೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಗೆಳತಿ ಅದನ್ನು ಹೊಡೆದುಹಾಕಿ, ಕೆಂಪು ಪೆನ್ನಿನಲ್ಲಿ ‘ದೇ ಫ್ಲೀಸ್ಡ್ ಹಿಮ್ ಆಫ್ ಹಿಸ್ ಸೇವಿಂಗ್ಸ್’ ಎಂದು ಬರೆದಳು. “ಬೋಳಿಸೋದು ಕುರಿನ ಅಲ್ವಾ? ಹಾಗಾದ್ರೆ ಮೊದಲು ಮನುಷ್ಯ ಬರಬೇಕು. ಆಮೇಲೆ ‘ಆಫ್’, ಕೊನೆಗೆ ಹಣ” ಅಂದಳು. ಆ ಸಾಲು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಈ ಜಾತಿಯ ಪದಗಳನ್ನೆಲ್ಲ ಹೀಗೇ ಕಲಿತೆ. ಪಕ್ಕದಲ್ಲಿ ಸುಮ್ನೆ ‘ಮೋಸ’ ಅಂತ ಬರೆಯುವುದನ್ನು ಬಿಟ್ಟೆ. ಯಾರು, ಯಾರಿಗೆ, ಏನು ಮಾಡಿದರು ಅಂತ ಇಡೀ ವಾಕ್ಯ ಬರೆಯುತ್ತೇನೆ. ‘ಸ್ವಿಂಡಲ್’ ಅಂದರೂ ಮೋಸ ಮಾಡಿ ದುಡ್ಡು ಕೀಳುವುದೇ. ಅದು ಬಂದರೆ ಮನುಷ್ಯನ ನಂತರ ‘ಔಟ್ ಆಫ್’. ಹಾಗೆ ಮೋಸ ಮಾಡುವವನು ‘ಸ್ವಿಂಡ್ಲರ್’. ಈ ಪದ 18ನೇ ಶತಮಾನದಲ್ಲಿ ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಜರ್ಮನ್ನಿನಲ್ಲಿ ‘ಷ್ವಿಂಡೆಲ್’ ಅಂದರೆ ತಲೆಸುತ್ತು ಅಂತಲೂ ಅರ್ಥವಿದೆ. ಆಸೆ ಹುಟ್ಟಿಸಿ ತಲೆ ತಿರುಗಿಸುವವನು ಅಂತ ನೆನಪಿಟ್ಟುಕೊಂಡೆ.

‘ಎಂಬೆಜಲ್’ ಜೊತೆ ಜಾಸ್ತಿ ಹುಷಾರಾಗಿರಬೇಕು. ನಂಬಿ ಕೈಗೆ ಕೊಟ್ಟ ಹಣವನ್ನು ನುಂಗುವುದು ಅದು. ಲೆಕ್ಕ ನೋಡಿಕೊಳ್ಳುವವನೇ ಕಂಪನಿಯ ದುಡ್ಡು ಹೊಡೆದರೆ ಎಂಬೆಜಲ್. ಗುರುತಿಲ್ಲದವನು ಫೋನ್ ಮಾಡಿ ಟೋಪಿ ಹಾಕಿದರೆ ಅಲ್ಲ. ಇಲ್ಲಿ ಕ್ರಿಯಾಪದದ ಮುಂದೆ ನೇರವಾಗಿ ಹಣವೇ ಬರುತ್ತದೆ, ಮನುಷ್ಯ ಬರುವುದಿಲ್ಲ.

ಫ್ಲೀಸ್ ಬಗ್ಗೆ ಇನ್ನೊಂದು ವಿಷಯ ತಡವಾಗಿ ತಿಳಿಯಿತು. ಪ್ರವಾಸಿಗಳ ಹತ್ತಿರ ಬಾಯಿಗೆ ಬಂದ ದರ ಹೇಳಿ ವಸೂಲಿ ಮಾಡುತ್ತಾರಲ್ಲ, ಅದಕ್ಕೂ ಇದೇ ಪದ. ಅಲ್ಲಿ ನನಗೆ ‘ಬೋಳಿಸು’ಗಿಂತ ‘ಸುಲಿ’ ಹೆಚ್ಚು ಹತ್ತಿರ ಅನಿಸಿತು. ಕೆಂಪು ಸಾಲಿನ ಕೆಳಗೆ ಅದನ್ನೂ ಬರೆದಿಟ್ಟಿದ್ದೇನೆ.