ನಮ್ಮ ಮದಗದಲ್ಲಿ ಕುರ್ಸುರಾ

ನಾನು ಮಾಡಿದ ಮಾಡೆಲ್ ಸಬ್‌ಮೆರೀನ್ ಕೊನೆಗೂ ನೀರಿನಡಿ ಅಲುಗದೆ ನಿಂತಿತು. ಪೆರಿಸ್ಕೋಪಿನ ತುದಿ ನೀರಿನಿಂದ ಎರಡು ಬೆರಳು ಮೇಲೆ, ಮೋಟಾರ್ ಬಂದ್. ಹೆಚ್ಚುಕಡಿಮೆ ನಾಲ್ಕು ನಿಮಿಷ ಹಾಗೇ ಇತ್ತು. "ಹಾಕಿದ್ದು ವಾಪಸ್ ಬಂದ್ರೆ ಹೇಳಿ ಮಾರಾಯ್ರೆ" ಎಂದಿದ್ದ ಮಲ್ಪೆಯ ಫೈಬರ್ ಕೆಲಸದವರು ದಂಡೆಯಲ್ಲೇ ಇದ್ದರು. ಬಾಯಿ ಬಿಡಲಿಲ್ಲ.

1971ರ ಯುದ್ಧ ಎಂದರೆ ಎಲ್ಲರಿಗೂ ನೆನಪಾಗುವುದು ಮುಳುಗಿಹೋದ ಪಾಕಿಸ್ತಾನದ ಸಬ್‌ಮೆರೀನ್ ಘಾಜಿ, ಇಲ್ಲವೇ ಅವರದೇ ಇನ್ನೊಂದು ಸಬ್‌ಮೆರೀನ್ ಹಂಗೋರ್ ಮುಳುಗಿಸಿದ ನಮ್ಮ ಯುದ್ಧನೌಕೆ ಖುಕ್ರಿ. ಐಎನ್‌ಎಸ್ ಕುರ್ಸುರಾ, ನನ್ನ ಮಾಡೆಲಿನ ಅಸಲು ಸಬ್‌ಮೆರೀನ್, ನವೆಂಬರಿನಲ್ಲೇ ಅರಬ್ಬಿ ಸಮುದ್ರಕ್ಕೆ ಗಸ್ತು ಹೋಗಿತ್ತು. ಆದೇಶ ಬಾರದೆ ಯಾರನ್ನೂ ಹೊಡೆಯುವ ಹಾಗಿರಲಿಲ್ಲ. ನೀರಿನಡಿ ಸುಮ್ನೆ ಇದ್ದು ಕಾಯಬೇಕು. ಮಾಡೆಲ್‌ನಲ್ಲೂ ಆ ಸುಮ್ನೆ ಇರುವುದೇ ಕಷ್ಟ ನೋಡಿ. ಓಡುತ್ತಾ ಮುಳುಗುವುದನ್ನು ಯಾರು ಬೇಕಾದರೂ ಮಾಡಬಹುದು.

ವಿಶಾಖಪಟ್ಟಣದ ಬೀಚಿನಲ್ಲಿ ಈಗ ಮ್ಯೂಸಿಯಂ ಆಗಿರುವ ಅದರೊಳಗೆ ಎರಡು ಸಲ ಹೋಗಿ ಬಂದೆ. ಅಸಲು ಉದ್ದ ಸುಮಾರು 91 ಮೀಟರ್. 96ರಲ್ಲಿ ಒಂದು ಪಾಲು ಮಾಡಿದರೆ 95 ಸೆಂ.ಮೀ. 75 ಎಂಎಂ ಪಿವಿಸಿ ಪೈಪಿನ ಮೇಲೆ ಒಂದು ಪದರ ಫೈಬರ್ ಹಾಕಿದರೆ ಅಗಲವೂ ಕೂಡಿ ಬರುತ್ತದೆ. ತೂಕ ಮೂರು ಕೆ.ಜಿ. ಹತ್ತಿರ. ನೀರು ಎಳೆದುಕೊಂಡು ಭಾರವಾಗಿ ಮುಳುಗಲು 60 ಎಂಎಲ್ ಸಿರಿಂಜ್.

ಮೊದಲ ತಪ್ಪು, ಸಿರಿಂಜನ್ನು ಮೂತಿಯಲ್ಲಿ ಇಟ್ಟದ್ದು. ನೀರು ತುಂಬಿದ್ದೇ ತಡ, ಬಾತುಕೋಳಿಯ ಹಾಗೆ ಬಾಲ ಮೇಲಾಯಿತು. ಎರಡನೆಯದು ದುಬಾರಿ. ಹೊಸ 2.4 ಗಿಗಾಹರ್ಟ್ಸ್ ರಿಮೋಟಿಗೆ ಐದು ಸಾವಿರದ ಮೇಲೆ ಕೊಟ್ಟಿದ್ದೆ. ಒಂದು ಗೇಣು ಮುಳುಗಿದ್ದೇ ಸಿಗ್ನಲ್ ಹೋಯಿತು, ಬೋಟು ಕೆಸರಿಗೆ. ತೋಟದ ಪಂಪಿನಲ್ಲಿ ಅರ್ಧ ಮದಗ ಖಾಲಿ ಮಾಡಿ ತೆಗೆದೆ. ಅಡಿಕೆಗೆ ನೀರಂತೂ ಧಾರಾಳ ಸಿಕ್ಕಿತು, ಅಪ್ಪನ ಬೈಗುಳ ಬೇರೆ. ಆಮೇಲೆ ಸಿಹಿನೀರಿನೊಳಗೂ ಸಿಗ್ನಲ್ ಹೋಗುವ ಹಳೆಯ 40 ಮೆಗಾಹರ್ಟ್ಸ್ ಸೆಟ್ ಹುಡುಕಿದೆ. ಸಿಗ್ನಲ್ ತಪ್ಪಿದರೆ ಸಿರಿಂಜ್ ತಾನೇ ನೀರು ಹೊರಗೆ ಹಾಕುವಂತೆಯೂ ಮಾಡಿದೆ. ಒಟ್ಟು ಖರ್ಚು 23 ಸಾವಿರ ಇರಬಹುದು. ಮನೆಯಲ್ಲಿ 12 ಎಂದಿದ್ದೇನೆ.

ನಿಲ್ಲಿಸುವ ಗುಟ್ಟು ಇರುವುದು ಪೆರಿಸ್ಕೋಪಿನಲ್ಲಿ. ಅದರೊಳಗೆ ಏನು ತುಂಬಿದ್ದೇನೆ ಎಂದು ಹೇಳುವುದಿಲ್ಲ, ಯೋಚಿಸಿದರೆ ಹೊಳೆಯುತ್ತದೆ. ಪ್ರೊಪೆಲ್ಲರಿನ ಶಾಫ್ಟಿಗೆ ಹಚ್ಚುವ ಗ್ರೀಸ್ ಕೂಡ ನನ್ನ ಹತ್ತಿರವೇ ಇರಲಿ.

ಇನ್ನೊಂದು ವಿಚಿತ್ರ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ನಿಂತದ್ದು ಮಧ್ಯಾಹ್ನ ತಳ ಸೇರಿತು. ಬಿಸಿಲಿಗೆ ನೀರು ಹಗುರಾಗುತ್ತದೆ, ಐದಾರು ಗ್ರಾಂ ಸಾಕು ಲೆಕ್ಕ ತಪ್ಪಲು. ಉಮೇದಿನಲ್ಲಿ ಮಲ್ಪೆಗೆ ಒಯ್ದರೆ ಅಲ್ಲಿ ಉಲ್ಟಾ. ಸಿರಿಂಜ್ ಪೂರ್ತಿ ತುಂಬಿದರೂ ಮುಳುಗಲೇ ಇಲ್ಲ. ಉಪ್ಪುನೀರು ನೂರಕ್ಕೆ ಎರಡೂವರೆ ಪಾಲು ಜಾಸ್ತಿ ತೂಕ. ಮೂರು ಕೆ.ಜಿ.ಗೆ 75 ಗ್ರಾಂ, ನನ್ನ ಸಿರಿಂಜ್ ಹಿಡಿಯುವುದೇ 60. ಸೀಸದ ತುಂಡು ಕಟ್ಟಿ ಮುಳುಗಿಸಬಹುದಿತ್ತು, ಆದರೆ ಉಪ್ಪುನೀರಿನೊಳಗೆ ರೇಡಿಯೋ ಹೋಗುವುದಿಲ್ಲ. ದಕ್ಕೆಯಲ್ಲಿ ಜನ ಸೇರಿದ್ದರು, ಸುಮ್ನೆ ನೀರಿನ ಮೇಲೆ ಎರಡು ಸುತ್ತು ಓಡಿಸಿ ಬ್ಯಾಗಿಗೆ ಹಾಕಿದೆ.

ಮೊನ್ನೆ ಮದಗದಲ್ಲಿ ನಿಂತದ್ದನ್ನು ಮತ್ತೆ ನೋಡಿದ ಫೈಬರಿನವರು ಕೊನೆಗೆ ಬಾಯಿ ಬಿಟ್ಟರು. "ಅಲ್ಲ, ಪ್ರೊಪೆಲ್ಲರ್ ಮೂರುಂಟು. ನಡುವಿನದು ಮಾತ್ರ ಯಾಕೆ ತಿರುಗುವುದು?"

ಉಳಿದ ಎರಡು ಮೋಟಾರಿನ ದುಡ್ಡು ರಿಮೋಟಿಗೆ ಹೋಗಿತ್ತು.