ವಿಶ್ವವಿದ್ಯಾಲಯಕ್ಕೆ ಜಾಲತಾಣ ಸುಗಮ್ಯತಾ ನೀತಿ: ನಾವು ಬರೆದ ಬಗೆ

ಜಾಲತಾಣವನ್ನು ವಿಕಲಚೇತನರೂ ತಾವೇ ಬಳಸುವಂತಿರುವುದು ಸುಗಮ್ಯತೆ. ಅದರ ನೀತಿಯ ಕರಡಿಗೆ ಕೈಹಾಕುವ ಮೊದಲು ನಾವು ಮಾಡಿಕೊಂಡದ್ದು ಯಾವ ವಿಭಾಗದಿಂದ ಏನೇನು ಅಪ್‌ಲೋಡ್ ಆಗುತ್ತದೆ ಎಂಬ ಪಟ್ಟಿ. ಪರೀಕ್ಷಾ ವೇಳಾಪಟ್ಟಿ ಮೌಲ್ಯಮಾಪನ ಕುಲಸಚಿವರ ಕಚೇರಿಯಿಂದ ಬರುತ್ತದೆ, ಶುಲ್ಕದ ಸುತ್ತೋಲೆ ಹಣಕಾಸು ವಿಭಾಗದಿಂದ, ಟೆಂಡರ್ ಎಂಜಿನಿಯರಿಂಗ್ ವಿಭಾಗದಿಂದ. ಕಂಪ್ಯೂಟರ್ ಕೇಂದ್ರದವರು ಬಂದದ್ದನ್ನು ಜಾಲತಾಣಕ್ಕೆ ಏರಿಸುತ್ತಾರೆ, ಅಷ್ಟೆ. ಎಲ್ಲ ಹೊಣೆಯನ್ನೂ ಅವರ ತಲೆಗೆ ಕಟ್ಟಿದರೆ ನೀತಿ ಕಡತದಲ್ಲೇ ಕೊಳೆಯುತ್ತದೆ. ಆದ್ದರಿಂದ ದಾಖಲೆ ಸಿದ್ಧಪಡಿಸುವವರೇ ಅದರ ಸುಗಮ್ಯತೆಗೂ ಹೊಣೆ ಎಂದು ಹುದ್ದೆಯ ಹೆಸರು ಹಾಕಿಯೇ ಬರೆದು, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮುಂದಿಟ್ಟೆವು. ವ್ಯಕ್ತಿಯ ಹೆಸರು ಹಾಕಬೇಡಿ. ಅವರಿಗೆ ವರ್ಗಾವಣೆಯಾದ ದಿನವೇ ಹೊಣೆಗಾರರಿಲ್ಲದಂತಾಗುತ್ತದೆ.

ಕಾನೂನಿನ ಆಧಾರಕ್ಕೆ ಒಂದು ಪ್ಯಾರಾ ಸಾಕು: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್, ಡಿಜಿಟಲ್ ಸುಗಮ್ಯತೆಯ ಭಾರತೀಯ ಮಾನಕ ಐಎಸ್ 17802, ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಯುಜಿಸಿ 2022ರಲ್ಲಿ ಕೊಟ್ಟ ಮಾರ್ಗಸೂಚಿ, ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದ ತೀರ್ಪು. ಅಳತೆಗೋಲು ಜಾಲತಾಣ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿ 2.1ರ ಎಎ ಹಂತ (ಎ, ಎಎ, ಎಎಎ ಎಂಬ ಮೂರರಲ್ಲಿ ನಡುವಿನದು). 2.2 ಆವೃತ್ತಿ 2023ರಲ್ಲೇ ಬಂದಿದೆ ನಿಜ, ಆದರೆ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ ಜಿಐಜಿಡಬ್ಲ್ಯೂ 3.0 ಆಧರಿಸಿರುವುದು 2.1ನ್ನು. ಟೆಂಡರಿನಲ್ಲಿ ಎರಡೆರಡು ಮಾನದಂಡ ಇದ್ದರೆ ಗುತ್ತಿಗೆದಾರ ತನಗೆ ಅನುಕೂಲವಾದದ್ದನ್ನು ಹಿಡಿಯುತ್ತಾನೆ.

ಅತಿ ಹೆಚ್ಚು ಕೆಲಸ ಕೊಟ್ಟದ್ದು ಸುತ್ತೋಲೆಯ ಪಿಡಿಎಫ್. ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ-ಮೊಹರು ಹಾಕಿಸಿ, ಸ್ಕ್ಯಾನ್ ಮಾಡಿ ಏರಿಸುವುದು ಕಚೇರಿಗಳ ರೂಢಿ. ಪರದೆಯ ಪಠ್ಯವನ್ನು ಓದಿ ಹೇಳುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವ ಅಂಧ ವಿದ್ಯಾರ್ಥಿಗೆ ಅದು ಬರೀ ಖಾಲಿ ಹಾಳೆ, ಏಕೆಂದರೆ ಸ್ಕ್ಯಾನ್‌ನಲ್ಲಿರುವುದು ಚಿತ್ರ, ಪಠ್ಯವಲ್ಲ. ಸ್ಕ್ಯಾನ್ ಬಿಟ್ಟು ಮೂಲ ಕಡತವನ್ನೇ ಏರಿಸಿದರೂ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಮಾನಕ) ಅಲ್ಲದ ಫಾಂಟ್‌ಗಳಲ್ಲಿ ಟೈಪಿಸಿದ ಪಠ್ಯ ಕಣ್ಣಿಗೆ ಕನ್ನಡ, ಕಡತದೊಳಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ನುಡಿಯಲ್ಲಿ ಟೈಪಿಸಿದ ‘ಕನ್ನಡ’ ಎಂಬ ಪದದೊಳಗೆ ಇಂಗ್ಲಿಷಿನ ಪಿ ಅಕ್ಷರವೂ ಪೌಂಡ್ ಚಿಹ್ನೆಯೂ ಕೂತಿರುತ್ತವೆ. ಸ್ಕ್ರೀನ್ ರೀಡರ್ ಓದುವುದು ಅವನ್ನೇ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡವಾಗಿ ಬಾರದಿದ್ದರೆ ಆ ಕಡತ ವಾಪಸ್. ಯೂನಿಕೋಡ್‌ನಲ್ಲೇ ಟೈಪಿಸಿದ್ದರೂ ಪಿಡಿಎಫ್ ಆದಮೇಲೆ ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದುಂಟು.

ಹಾಗಾಗಿ ನೀತಿಯ ಮುಖ್ಯ ನಿಯಮ ಹೀಗಾಯಿತು: ಸುತ್ತೋಲೆಯ ಪೂರ್ಣ ಪಠ್ಯ ಯೂನಿಕೋಡ್‌ನಲ್ಲಿ ವೆಬ್ ಪುಟವಾಗಿ ಬರಬೇಕು, ಸಹಿಯ ಸ್ಕ್ಯಾನ್ ಪ್ರತಿ ಅದರ ಕೆಳಗೆ ಲಗತ್ತು. ‘ಸಹಿ ಇಲ್ಲದ್ದು ಅಧಿಕೃತವಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಸುತ್ತೋಲೆ ಸಂಖ್ಯೆ, ದಿನಾಂಕ, ಸಹಿ ಮಾಡಿದವರ ಹುದ್ದೆ ಇರುವ ವೆಬ್ ಪಠ್ಯಕ್ಕೂ ಅಷ್ಟೇ ಮಾನ್ಯತೆ ಎಂಬ ಒಂದು ಸಾಲನ್ನು ನೀತಿಯಲ್ಲೇ ಸೇರಿಸಿ. ಪಿಡಿಎಫ್ ಬೇಕೇ ಬೇಕಾದಾಗ ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಬಳಸಿ ‘ಸೇವ್ ಆ್ಯಸ್’ ಮೂಲಕ, ಟ್ಯಾಗ್‌ಗಳ (ಯಾವುದು ಶೀರ್ಷಿಕೆ, ಯಾವುದು ಕೋಷ್ಟಕ ಎಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತುಗಳ) ಆಯ್ಕೆ ಹಾಕಿ ಉಳಿಸಬೇಕು. ‘ಪ್ರಿಂಟ್ ಟು ಪಿಡಿಎಫ್’ ಮಾಡಿದರೆ ಶೀರ್ಷಿಕೆ, ಕೋಷ್ಟಕದ ಗುರುತುಗಳೆಲ್ಲ ಅಳಿಸಿಹೋಗುತ್ತವೆ.

ಮುಖಪುಟದಲ್ಲಿ ಓಡುತ್ತಲೇ ಇರುವ ಸುದ್ದಿಪಟ್ಟಿ ತೆಗೆಸಿದೆವು. ತಾನಾಗಿ ಚಲಿಸುವ ಪಠ್ಯ 5 ಸೆಕೆಂಡ್ ಮೀರಿದರೆ ನಿಲ್ಲಿಸುವ ಗುಂಡಿ ಇರಲೇಬೇಕು. ಅದರ ಬದಲು ದಿನಾಂಕವಾರು ಪಟ್ಟಿಯೇ ಎಲ್ಲರಿಗೂ ಹಿತ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ಕಾಂಟ್ರಾಸ್ಟ್ (ಹೊಳಪಿನ ಅನುಪಾತ) ಕನಿಷ್ಠ 4.5:1 ಇರಲಿ. ಕನ್ನಡ ಪುಟದ ಕೋಡ್‌ನಲ್ಲಿ ಭಾಷೆ ಕನ್ನಡ ಎಂದು ನಮೂದಿಸದಿದ್ದರೆ ಸ್ಕ್ರೀನ್ ರೀಡರ್ ತಾನಾಗಿ ಕನ್ನಡ ಧ್ವನಿಗೆ ಬದಲಾಗದೇ ಹೋಗಬಹುದು. ಚಿತ್ರದಲ್ಲಿನ ಅಕ್ಷರ ನೋಡಿ ಟೈಪಿಸುವ ಕ್ಯಾಪ್ಚಾಗೆ ಬದಲಿ ದಾರಿ ಇಲ್ಲದಿದ್ದರೆ ಅಂಧ ವಿದ್ಯಾರ್ಥಿ ತನ್ನ ಫಲಿತಾಂಶವನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗುತ್ತದೆ. ಅವರ ಖಾಸಗಿತನಕ್ಕೆ ಇದು ನೇರ ಧಕ್ಕೆ. ಇಲ್ಲಿ ರಾಜಿ ಬೇಡ.

ಪುಟದ ಸುಗಮ್ಯತಾ ದೋಷಗಳನ್ನು ತಾವೇ ಹುಡುಕುವ ವೇವ್, ಆ್ಯಕ್ಸ್‌ನಂಥ ತಂತ್ರಾಂಶಗಳಿಂದ ತಪಾಸಣೆ ಆರಂಭಿಸಬಹುದು, ಮುಗಿಸಲಾಗದು. ಚಿತ್ರಕ್ಕೆ ವಿವರಣೆ ಇಲ್ಲ ಎಂಬುದನ್ನು ಅವು ಹಿಡಿಯುತ್ತವೆ, ಆದರೆ ವಿವರಣೆಯ ಜಾಗದಲ್ಲಿ ‘ಫೋಟೊ’ ಎಂದಷ್ಟೇ ಇದ್ದರೆ ಪಾಸ್ ಮಾಡಿಬಿಡುತ್ತವೆ. ಮೌಸ್ ಕಿತ್ತಿಟ್ಟು ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿಗಳಿಂದಲೇ ಪ್ರವೇಶ ಅರ್ಜಿ, ಶುಲ್ಕ ಪಾವತಿ, ಹಾಲ್ ಟಿಕೆಟ್, ಫಲಿತಾಂಶ ಇವಿಷ್ಟನ್ನು ಮೊದಲಿಂದ ಕೊನೆವರೆಗೆ ಮಾಡಿನೋಡಿ. ಸಾಮಾನ್ಯವಾಗಿ ಕೈಕೊಡುವುದು ಜನ್ಮದಿನಾಂಕ ಆರಿಸುವ ಕ್ಯಾಲೆಂಡರ್ ಮತ್ತು ಫೋಟೊ ಅಪ್‌ಲೋಡ್ ಗುಂಡಿ. ಬಳಿಕ ಇದೇ ಕೆಲಸಗಳನ್ನು ಸ್ಕ್ರೀನ್ ರೀಡರ್ ಬಳಸುವ ವಿದ್ಯಾರ್ಥಿಗಳಿಂದ ಸಂಭಾವನೆ ಕೊಟ್ಟು ಮಾಡಿಸಿ.

ಟೆಂಡರಿನಲ್ಲಿ ಈ ತಪಾಸಣೆಯನ್ನು ಅಂತಿಮ ಕಂತಿಗೆ ಗಂಟುಹಾಕಿ. ಪುಟದ ಮೂಲೆಯಲ್ಲೊಂದು ‘ಆಕ್ಸೆಸಿಬಿಲಿಟಿ’ ವಿಜೆಟ್ (ಅಕ್ಷರದ ಗಾತ್ರ, ಬಣ್ಣ ಬದಲಿಸುವಂಥ ಸಿದ್ಧ ಗುಂಡಿ) ಕೂರಿಸಿ ಕೆಲಸ ಮುಗಿಯಿತು ಎನ್ನುವವರಿದ್ದಾರೆ. ಒಳಗಿನ ಕೋಡ್ ಕೆಟ್ಟಿದ್ದರೆ ಅದು ಯಾವ ಉಪಯೋಗಕ್ಕೂ ಬಾರದು. ವಿಜೆಟ್ ಅನ್ನು ಅನುಸರಣೆಯೆಂದು ಪರಿಗಣಿಸುವುದಿಲ್ಲ ಎಂದೇ ಬರೆಯಿರಿ. ಪ್ರವೇಶ, ಪರೀಕ್ಷೆಗಳನ್ನು ನಿರ್ವಹಿಸುವ ರಾಜ್ಯದ ಯುಯುಸಿಎಂಎಸ್ ತಂತ್ರಾಂಶ ವಿಶ್ವವಿದ್ಯಾಲಯದ ಕೈಯಲ್ಲಿಲ್ಲ. ಅಲ್ಲಿ ತೊಡಕಾದರೆ ಅರ್ಜಿ ತುಂಬಲು ನೆರವಾಗುವ ಸಿಬ್ಬಂದಿ ಯಾರು, ಕೊನೆಯ ದಿನಾಂಕ ಎಷ್ಟು ವಿಸ್ತರಣೆಯಾಗುತ್ತದೆ ಎಂಬುದು ನೀತಿಯಲ್ಲಿರಲಿ.

ಹಳೆಯ ಪಿಡಿಎಫ್‌ಗಳನ್ನೆಲ್ಲ ಸರಿಪಡಿಸುತ್ತೇವೆ ಎಂದು ಮಾತು ಕೊಡಬೇಡಿ, ಆಗದು. ನೀತಿ ಜಾರಿಯಾದ ದಿನದಿಂದ ಹೊಸವೆಲ್ಲ ನಿಯಮದಂತೆ, ಹಳೆಯವುಗಳಲ್ಲಿ ಚಾಲ್ತಿಯಲ್ಲಿರುವ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮಾವಳಿ ಮೊದಲು. ಉಳಿದದ್ದನ್ನು ಕೇಳಿದವರಿಗೆ 5 ಕೆಲಸದ ದಿನಗಳೊಳಗೆ, ಪರೀಕ್ಷೆಗೆ ಸಂಬಂಧಿಸಿದ್ದಾದರೆ 2 ದಿನಗಳೊಳಗೆ ಸರಿಪಡಿಸಿ ಕೊಡುವುದು.