ಘೋಷಣೆಯಾದ ಮೇಲೆ ಸಿಕ್ಕ 27 ಅಂಚೆ ಮತ: ನನ್ನ ಅನುಭವ

ನಮ್ಮ ಖಾಸಗಿ ಸಂಘದ ಪದಾಧಿಕಾರಿಗಳ ಚುನಾವಣೆ; ಫಲಿತಾಂಶ ಘೋಷಿಸಿದ ಮೂರನೇ ದಿನ ಸಂಘದ ಗುಮಾಸ್ತರ ಫೋನ್. "ಸಾರ್, ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಕಟ್ಟು ಇದೆ, ನೀವೇ ಬಂದು ನೋಡಿ." ಬಸವನಗುಡಿಗೆ ಆಟೊ ಹಿಡಿದು ಹೋದೆ. ವಾರ್ಷಿಕ ವರದಿಗಳ ಅಡಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ 27 ಅಂಚೆ ಮತದ ಕವರ್. ಎಲ್ಲವೂ ಗಡುವಿನೊಳಗೇ ಬಂದವು. ಬಂದ ಕವರ್ ಬರೆದಿಡುವ ಇನ್‌ವರ್ಡ್ ಪುಸ್ತಕದಲ್ಲಿ 312, ನಾವು ಒಡೆದದ್ದು 285. ಎಣಿಕೆಗೆ ಮುಂಚೆ ಈ ಎರಡು ಅಂಕಿ ತಾಳೆ ನೋಡಬೇಕಾದವನು ಚುನಾವಣಾಧಿಕಾರಿಯಾದ ನಾನು. ನೋಡಿರಲಿಲ್ಲ. ಅಧ್ಯಕ್ಷರ ಗೆಲುವಿನ ಅಂತರ 11, ಖಜಾಂಚಿಯದು 4.

ಹಳೇ ಕಾರ್ಯದರ್ಶಿಯೊಬ್ಬರು "ಸುಮ್ಮನೆ ಮುಚ್ಚಿಬಿಡಿ ಸ್ವಾಮಿ, ಯಾರಿಗೂ ಗೊತ್ತಿಲ್ಲ" ಅಂದರು. ವಕೀಲರು ಅರ್ಧ ಗಂಟೆಗೆ ಸುಮಾರು 6 ಸಾವಿರ ತೆಗೆದುಕೊಂಡು, ಕೋರ್ಟಿಗೆ ಹೋದರೆ ಎರಡು ವರ್ಷ, ಒಂದೂವರೆ ಲಕ್ಷಕ್ಕೆ ಕಮ್ಮಿ ಇಲ್ಲ ಅಂದರು. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 2024ರ ನವೆಂಬರ್ ಚುನಾವಣೆಯ 193 ಅಂಚೆ ಮತ ಹೀಗೇ ಉಳಿದು, ವಿಷಯ ರಾಜ್ಯದ ಚುನಾವಣಾ ಆಯೋಗ ಮುಟ್ಟುವಷ್ಟರಲ್ಲಿ ವಾರಗಳೇ ಕಳೆದಿದ್ದವು. ಅದು ನನ್ನ ತಲೆಯಲ್ಲಿತ್ತು. ಆ ಸಂಜೆಯೇ ಅಭ್ಯರ್ಥಿಗಳೆಲ್ಲರಿಗೂ ಫೋನ್ ಮಾಡಿದೆ. ಎರಡೂ ಬಣದವರ ಎದುರು ಕಟ್ಟನ್ನು ಬಟ್ಟೆಚೀಲಕ್ಕೆ ಹಾಕಿ, ಅರಗು ಮುದ್ರೆ ಒತ್ತಿ, ಮಹಜರು ಬರೆದು ಸಹಿ ಹಾಕಿಸಿದೆ.

ಮೊದಲ ಸಭೆ ಕೆಟ್ಟಿತು. ಪಾರದರ್ಶಕವಾಗಿರಲಿ ಅಂತ ಕವರ್ ಕಳಿಸಿದವರ ಹೆಸರು ಓದತೊಡಗಿದೆ. ಏಳೆಂಟು ಹೆಸರಿಗೇ ಎಲ್ಲರೂ ಯಾರ ಮತ ಯಾರಿಗೆ ಅಂತ ಲೆಕ್ಕ ಹಾಕಿ ಮುಗಿಸಿದ್ದರು. ಗೆದ್ದ ಬಣ ಎದ್ದು ಹೋಯಿತು. ಹಾಲ್ ಬಾಡಿಗೆ ಮೂರೂವರೆ ಸಾವಿರ ನೀರುಪಾಲು. ಒಳಗೇನಿದೆ ಅಂತ ಯಾರೂ ಊಹಿಸುವ ಮುಂಚೆಯೇ ಎಣಿಸುವ ನಿಯಮಕ್ಕೆ ಒಪ್ಪಿಗೆ ಪಡೆಯಬೇಕು. ಎರಡನೇ ಸಭೆಯಲ್ಲಿ ಅಂಕಿ ಮಾತ್ರ ಹೇಳಿದೆ, ಹೆಸರಿಲ್ಲ. ಗೆದ್ದ ಖಜಾಂಚಿಯನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮತ್ತೆ ಬೇಕಾಗಬಹುದು.

ಒಂದು ಎಚ್ಚರಿಕೆ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಫಲಿತಾಂಶ ಘೋಷಣೆಯಾದ ಮೇಲೆ ಅಧಿಕಾರಿಗೆ ಹೀಗೆ ತಾನೇ ಮತ್ತೆ ಎಣಿಸುವ ದಾರಿ ಇಲ್ಲ. 45 ದಿನದೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬೇಕು. ನಮ್ಮದು ಖಾಸಗಿ ಸಂಘ, ಅಭ್ಯರ್ಥಿಗಳೆಲ್ಲರೂ ಬರೆದು ಒಪ್ಪಿದ್ದರಿಂದ ನಡೆಯಿತು.

ಒಡೆಯುವ ಕ್ರಮವನ್ನು ವಿಧಾನಸಭೆ, ಲೋಕಸಭೆ ಚುನಾವಣೆಯ 1961ರ ನಿಯಮಗಳಿಂದಲೇ ತೆಗೆದುಕೊಂಡೆ: ಹೊರಕವರ್ ಒಡೆದು ಮೊದಲು ಮತದಾರರು ಸಹಿ ಹಾಕಬೇಕಾದ ಘೋಷಣಾ ಪತ್ರ, ಅದು ಸರಿ ಇದ್ದರೆ ಮಾತ್ರ ಮತಪತ್ರವಿರುವ ಒಳಕವರ್. ಎರಡರಲ್ಲಿ ಸಹಿ ಇರಲಿಲ್ಲ, ಒಳಕವರ್ ಮುಟ್ಟದೆ ತಿರಸ್ಕರಿಸಿದೆ. ಉಳಿದದ್ದು 25. ಅವನ್ನೇ ಬೇರೆಯಾಗಿ ಎಣಿಸಿದರೆ ಗುಟ್ಟು ರಟ್ಟು. ಮೊದಲ ಸಭೆಯಲ್ಲಿ ಹೆಸರು ಕೇಳಿದವರು ಅಲ್ಲೇ ಕೂತಿದ್ದಾರೆ. ಅದಕ್ಕೇ ಆ 25 ಮತಪತ್ರಗಳನ್ನು ಮಡಿಕೆ ಬಿಚ್ಚದೆ ಮೊದಲೇ ಎಣಿಸಿದ್ದ ಅಂಚೆ ಮತಗಳ ಪೆಟ್ಟಿಗೆಗೆ ಸುರಿದು ಕಲೆಸಿ, ಪೂರಾ ಕಟ್ಟನ್ನು ಹೊಸದಾಗಿ ಎಣಿಸಿದೆವು. ಇದು ನನ್ನದೇ ಉಪಾಯ, ಹೆಮ್ಮೆಯಿದೆ. ಅಧ್ಯಕ್ಷರ ಅಂತರ 8ಕ್ಕೆ ಇಳಿಯಿತು; ಖಜಾಂಚಿ ಸ್ಥಾನ 3 ಮತದಿಂದ ಬದಲಾಯಿತು. ಸೋತವರು ಅಲ್ಲೇ ಸಹಿ ಹಾಕಿದರು. ವಿಡಿಯೊ ಸೇರಿ ಒಟ್ಟು ಖರ್ಚು ಹದಿನೇಳು ಹದಿನೆಂಟು ಸಾವಿರ. ವಿಡಿಯೊದ ನಾಲ್ಕು ಸಾವಿರ ನಾನೇ ಕೊಟ್ಟೆ, ತಪ್ಪು ನನ್ನದು.

ಆಮೇಲೆ ಕೆಲವು ಪ್ರಯೋಗ ಮಾಡಿದೆ. ಕವರ್‌ಗಳನ್ನು ಒಟ್ಟಿಗೆ ತೂಗಿ ಸಂಖ್ಯೆ ಪತ್ತೆ ಮಾಡೋಣ ಅಂತ ಚಿನ್ನದಂಗಡಿಯ ಪರಿಚಯದವರ ತಕ್ಕಡಿ ತಂದೆ. ಕೆಲವರು ಘೋಷಣಾ ಪತ್ರದ ಎರಡು ಪ್ರತಿ ಹಾಕಿರುತ್ತಾರೆ, ಲೆಕ್ಕ ಕೂಡಲಿಲ್ಲ. ಅವೆನ್ಯೂ ರಸ್ತೆಯಿಂದ ತಂದ ಬಾರ್‌ಕೋಡ್ ಸ್ಟಿಕರ್ ಮಳೆಗಾಲದಲ್ಲಿ ಕಿತ್ತುಬಂತು. ಹಳದಿ ಹೊರಕವರ್ ಮಾತ್ರ ಗೆದ್ದಿತು, ಬೇರೆ ಕಾಗದದ ನಡುವೆ ಕಣ್ಣಿಗೆ ಹೊಡೆಯುತ್ತದೆ. ಈಗ ಕವರ್ ಬಂದ ಗಳಿಗೆಯಲ್ಲೇ ಎರಡು ಬೀಗದ ಟ್ರಂಕಿಗೆ. ಒಂದೊಂದು ಬಣದ ಬಳಿ ಒಂದೊಂದು ಕೀಲಿ. ಪ್ರತಿ ಸಂಜೆ ಪುಸ್ತಕ, ಟ್ರಂಕು ತಾಳೆ.

ಮುಂದಿನ ಚುನಾವಣೆಯಲ್ಲಿ ಗಡುವು ಮುಗಿದ ಸಂಜೆ ಪುಸ್ತಕದಲ್ಲಿ 340, ಟ್ರಂಕಿನಲ್ಲಿ 339. ಅದೇ ಹಳೇ ಕಾರ್ಯದರ್ಶಿಗಳೂ ನೆಲದ ಮೇಲೆ ಕೂತು ಹುಡುಕಿದರು. ಎರಡು ಗಂಟೆಯಾದ ಮೇಲೆ ಸಿಕ್ಕಿತು: ಗೋಂದು ಒದ್ದೆಯಾಗಿ ಇನ್ನೊಂದು ಕವರಿನ ಬೆನ್ನಿಗೆ ಅಂಟಿಕೊಂಡಿತ್ತು.